ಮೂಲೆ

ಎಡಗಡೆ ಮೂಲೆಗೆ ತಾ, ಕ್ಸಾವೆರಿ.
ನಡುವೆ ಯಾಕೆ ಕೂತಿದೆ ಅದು, ಬೀಗರ ಹಾಗೆ?

ರಾತ್ರಿ ತಾನಾಗಿಯೇ ಹೊಸದಾಯಿತಂತೆ, ನನ್ನ ಕೇಳದೆ.
ಬೆಳಿಗ್ಗೆ ಟ್ರಾಮಿಳಿದು ಬಂದು, ಕೈಗವಸು ಕಳಚಿ
ಮೌಸ್ ಹಿಡಿದರೆ ಕೈ ಸೀದಾ ಮೂಲೆಗೆ ಹೋಯಿತು.
ಅಲ್ಲಿ ಹವಾಮಾನ: ಮೈನಸ್ ನಾಲ್ಕು, ಮೋಡ.
ಅದಕ್ಕೆ ನನ್ನ ಮೊಣಕಾಲು ಸಾಕು.

ವೂಚ್ ನಗರದ ಗಿರಣಿಗಳೆಲ್ಲ ಮುಚ್ಚಿದಾಗಲೂ
ಬಾಗಿಲು ಹಾಕದ ಗುಂಡಿ ಅಂಗಡಿ ಇದು.
ಕೊಂಬಿನದು, ಹಿತ್ತಾಳೆಯದು, ಚಿಪ್ಪಿನದು,
ಇನ್ನೂರು ಬಗೆ ಕಣ್ಣುಮುಚ್ಚಿ ತೆಗೆದುಕೊಡುವವಳಿಗೆ
ಈ ಒಂದು ಗುಂಡಿ ಸಿಗಲಿಲ್ಲ ನೋಡು.

ನೀನು ಏನೋ ಇಳಿಸಿಕೊಂಡೆ, ಮೂರು ಕಡೆ ಟಿಕ್ ಹಾಕಿದೆ,
ಪರದೆ ಒಮ್ಮೆ ರೆಪ್ಪೆ ಬಡಿಯಿತು.
ಬಂತು! ಅದೇ ಪಟ್ಟಿ, ಅದೇ ನೀಲಿ ಅಂಚು:
ಬಿಲ್ಲು, ದಾಸ್ತಾನು,
ಕೆಳಗೆ, ಯಾರಿಗೂ ಹೇಳಬೇಡ, ಇಸ್ಪೀಟು.

ನಗಬೇಡ.
ನನಗೂ ಇಪ್ಪತ್ತೆರಡಾಗಿತ್ತು ಒಂದು ಕಾಲಕ್ಕೆ.
ಸೇರಿದ ವಾರವೇ ಖಾನೆಗಳನ್ನೆಲ್ಲ
ಬಣ್ಣದ ಪ್ರಕಾರ ಜೋಡಿಸಿದೆ. ಮ್ಯಾನೇಜರು ಭೇಷ್ ಅಂದರು.
ಮುದುಕ ಬೋಗುಮಿಲ್ ಏನೂ ಅನ್ನಲಿಲ್ಲ.
ಗಿರಾಕಿ ಕೇಳಿದಾಗ ತಿರುಗಿಯೂ ನೋಡದೆ ಕೈ ಚಾಚಿದ,
ಮೂರನೇ ಸಾಲು, ಬಲದಿಂದ ಎರಡನೆಯದು.
ಕಪ್ಪು ಬರಬೇಕಾದಲ್ಲಿ ಕೆಂಪು ಬಂತು.
ಗುಂಡಿ ಹಿಡಿದ ಆ ಕೈ
ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.

ನಾನು ವಾಪಸ್ ಜೋಡಿಸಲಿಲ್ಲ.

ಎಷ್ಟಾಯಿತು ಹೇಳು. ಬೇಡವಾ?
ಹಾಗಾದರೆ ಕೋಟು ಬಿಚ್ಚು,
ಎರಡನೇ ಗುಂಡಿ ಇಲ್ಲ, ಗಾಳಿ ನುಗ್ಗುತ್ತೆ.
ಈಗಿನ ಕಪ್ಪಲ್ಲ ಇದು, ಹಳೇ ಕಪ್ಪು.
ತಡಿ,
ಅವನು ಎಲ್ಲಿಡುತ್ತಿದ್ದನೋ.