ಗ್ಯಾಸಿನ ಗುಣ

ಪೆಟ್ರೋಲು ಯುದ್ಧಕ್ಕೆ ಹೋಗಿತ್ತು.
ಕಾರವಾರ–ಅಂಕೋಲೆ ಬಸ್ಸಿನ ಬೆನ್ನಿಗೆ
ಆಳೆತ್ತರದ ಡ್ರಮ್ಮು, ಒಳಗೆ ಇದ್ದಿಲು,
ಹೊರಗೆ ನಾನು, ಗಾಳಿಚಕ್ರ ತಿರುವುವ ಕ್ಲೀನರು ಬೀರ.
ವಯಸ್ಸು ಹದಿನಾಲ್ಕು. ಪರವಾನಗಿಯಲ್ಲಿ ಹದಿನೆಂಟು.

ಅರ್ಧ ತಾಸು ತಿರುವಬೇಕು. ಮೊದಲು ಬಿಳಿ ಹೊಗೆ,
ಮೇಲೆ ಹಳದಿ, ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕೆ ಕಡ್ಡಿ ಗೀರಿ ಹಿಡಿದರೆ
ನೀಲಿ ನಾಲಿಗೆ ಚಾಚುತ್ತಿತ್ತು.
"ಬಂತು ನೋಡು" ಎನ್ನುತ್ತಿದ್ದ ಡ್ರೈವರ್ ಇನಾಸ,
ಎದೆಗೆ ಶಿಲುಬೆ ಬರೆದುಕೊಂಡು ಗೇರು ಹಾಕುತ್ತಿದ್ದ.
ಬಿಣಗಾ ಏರಿನಲ್ಲಿ ಮತ್ತೆ ಎಲ್ಲರೂ ಇಳಿಯಬೇಕು;
ಕೋರ್ಟಿಗೆ ಹೊರಟ ವಕೀಲರೂ ಮೀನುಬುಟ್ಟಿಯ ಹೆಂಗಸರೂ
ಒಂದೇ ತಗಡಿಗೆ ಕೈಕೊಟ್ಟು ನೂಕಬೇಕು.

ಮುಂಬಯಿಯಿಂದ ಹುಕುಮು ಬಂತು, ಅಚ್ಚಾದ ಹನ್ನೊಂದು ಪುಟ:
ಇದ್ದಿಲಿನ ತೇವ ನೂರಕ್ಕೆ ಐದು ಮೀರತಕ್ಕದ್ದಲ್ಲ,
ಗಟ್ಟಿಮರದ್ದೇ ಆಗತಕ್ಕದ್ದು.
ಹಿಂದೆಯೇ ಜಂಗಲ್ ಖಾತೆಯದು, ಒಂದೇ ಪುಟ:
ಗಟ್ಟಿಮರ ಮುಟ್ಟತಕ್ಕದ್ದಲ್ಲ.
ಇದ್ದಿಲು ಸುಡುವ ತೊಡೂರಿನ ಸೋಮಿ
ಎರಡನ್ನೂ ಕೇಳಿಸಿಕೊಂಡಳು. ಒಂದು ತುಂಡೆತ್ತಿ
ಇನ್ನೊಂದಕ್ಕೆ ತಟ್ಟಿದಳು. ಕಂಚಿನ ದನಿ.
"ಸುಟ್ಟಮೇಲೆ ಯಾವ ಮರ ಅಂತ ಯಾರಿಗೆ ಗೊತ್ತು ತಮಾ?"

ಇನ್ಸ್‌ಪೆಕ್ಟರ್ ಪಾಟಣಕರ ಬಂದದ್ದು ಪುಷ್ಯದಲ್ಲಿ.
ಬಿಳಿ ಕರವಸ್ತ್ರ ಕೊಳವೆಯ ಬಾಯಿಗೆ ಹಿಡಿದು
ಮರಾಠಿಯಲ್ಲಿ ನೂರು ಎಣಿಸಿದರು.
ಟಾರಿನ ಒಂದು ಚುಕ್ಕೆ ಇಲ್ಲ.
ದೂರದಿಂದ ಮೂಸಿದರು: ವಾಸನೆಯಿಲ್ಲ.
"ಜಿಲ್ಲೆಯಲ್ಲೇ ಇಂಥ ಗ್ಯಾಸು ಕಂಡಿಲ್ಲ" ಎಂದು
ಕೆಂಪು ಮಸಿಯಲ್ಲಿ ಬರೆದರು: ಉತ್ತಮ.
ಇನಾಸ ನಮಗೆಲ್ಲ ಬನ್ಸು ಕೊಡಿಸಿದ.

ಆ ರಾತ್ರಿ ಕೋಡಿಬಾಗದ ಶೆಡ್ಡಿನಲ್ಲಿ
ಕಡಲಗಾಳಿಗೆ ಬಾಗಿಲು ಹಾಕಿ,
ಆರದ ಡ್ರಮ್ಮಿನ ಬಿಸಿಗೆ ಬೆನ್ನು ಕೊಟ್ಟು ಮಲಗಿದವರು
ನಾನು, ಚೆಂಡಿಯಾದ ತಿಮ್ಮು.
ಎರಡನೇ ಕೋಳಿಗೆ ನನಗೆ ಉಚ್ಚೆ ಬಂತು.
ಅದರಿಂದ ಬದುಕಿದೆ. ಬೇರೆ ಕಾರಣ
ಹುಡುಕಿದ್ದೇನೆ, ಸಿಕ್ಕಿಲ್ಲ.

ತಿಮ್ಮುವಿನ ಕೆನ್ನೆ ಕೆಂಪಗಿತ್ತು,
ಯಾರೋ ನಾಲ್ಕು ಜನರೆದುರು ಹೊಗಳಿದ ಹಾಗೆ.
ಹೊಗೆಯಾಗಿದ್ದರೆ ಕೆಮ್ಮುತ್ತಿದ್ದ.
ನಾರಿದ್ದರೆ ಏಳುತ್ತಿದ್ದ.
ಪಂಚನಾಮೆಯವರು ಕೇಳಿದರು, ಗ್ಯಾಸು ಹೇಗಿತ್ತು?
ನಾನು ಕಾಗದ ತೋರಿಸಿದೆ.

ಈಗ ಅಡುಗೆಯ ಸಿಲಿಂಡರಿಗೆ
ನಾತವನ್ನು ಬೇಕೆಂದೇ ಬೆರೆಸುತ್ತಾರಂತೆ,
ಸರಕಾರದ್ದೇ ನಿಯಮವಂತೆ.
ರೆಗ್ಯುಲೇಟರು ಬದಲಿಸುವಾಗ ಸೊಸೆ
ಸೆರಗಿನಿಂದ ಮೂಗು ಮುಚ್ಚುತ್ತಾಳೆ.
ನಾನು ಹತ್ತಿರ ಹೋಗಿ
ಒಂದು ಉಸಿರು ಎಳೆದುಕೊಳ್ಳುತ್ತೇನೆ.