ಹೊಡೆಯದ ಹನ್ನೆರಡು

ನಮ್ಮ ಕಾಲೇಜಿನ ಗಂಟೆಗೋಪುರಕ್ಕೆ ನೂರಾ ಹದಿನಾಲ್ಕು ಮೆಟ್ಟಿಲು.
ಇನ್ನಾಸಪ್ಪ ಎಣಿಸುವುದಿಲ್ಲ, ಅವನ ಮೊಣಕಾಲು ಎಣಿಸುತ್ತದೆ.
ಅರವತ್ತನೆಯದರ ಹತ್ತಿರ ಒಂದು ಕಿಂಡಿ.
ಅಲ್ಲಿ ನಿಂತು, ಬಿಟ್ಟ ಬೀಡಿಯ ನೆನಪಿಗೆ ಎರಡು ಬೆರಳು ತುಟಿಗಿಟ್ಟು,
ಚಾಮುಂಡಿ ಬೆಟ್ಟ ನೋಡುತ್ತಾನೆ.
ಆಮೇಲೆ ಉಳಿದದ್ದು.

ಪ್ರತಿ ವರ್ಷ ಹೊಸ ಮಕ್ಕಳನ್ನು ನಿಲ್ಲಿಸಿಕೊಂಡು ಫಾದರ್ ಹೇಳುತ್ತಾರೆ:
ಗೋಪುರವೆಂದರೆ ನೆಲ ಎತ್ತಿ ತೋರಿದ ಬೆರಳು,
ಮೂರು ಕಮಾನು ಎಂದರೆ ತ್ರಿತ್ವ,
ತುದಿಯಲ್ಲಿರುವುದು ನಿಮಗೇ ಗೊತ್ತು.
ಮಕ್ಕಳು ತಲೆಯೆತ್ತುತ್ತಾರೆ,
ಪಾರಿವಾಳ ಹಿಕ್ಕೆ ಹಾಕೀತೆಂದು ಒಂದು ಹೆಜ್ಜೆ ಹಿಂದೆ ಸರಿದು.

ನಾನು ಗಂಜಾಮಿನಿಂದ ದಿನಾ ಬಸ್ಸಿನಲ್ಲಿ ಬರುವವಳು,
ಇಲ್ಲಿ ಹಳಗನ್ನಡ ಹೇಳಿಕೊಡುವವಳು.
ನಮ್ಮವ್ವನ ಪೂಜೆಗಂಟೆಯ ಹಿಡಿಯಲ್ಲಿ ಬಸವ ಕೂತಿದ್ದಾನೆ,
ಆಡಿಸಿದರೆ ದೇವರು ಒಳಗೆ, ರಕ್ಕಸರು ಹೊರಗೆ.
"ನಮ್ಮ ಗಂಟೆ ದೇವರನ್ನ ಕರೆಯುತ್ತೆ, ನಿಮ್ಮದು ಮನುಷ್ಯರನ್ನ"
ಎಂದಿದ್ದೆ ಒಮ್ಮೆ, ಕ್ಯಾಂಟೀನಿನ ಕಟ್ಟೆಯ ಮೇಲೆ.
ಇನ್ನಾಸಪ್ಪ ಲೋಟದ ಟೀ ಊದುತ್ತಾ,
"ದೇವ್ರು ಕರದ್ರೆ ಬಂದ್ಬುಡ್ತಾನೆ ಮೇಡಂ,
ಕಷ್ಟ ಇರೋದು ಈ ಕಡೇರ್ದೇಯ" ಅಂದ.

ಗಂಟೆಗೊಂದು ಹೆಸರಿದೆ: ಅನ್ನಮ್ಮ.
ತೂಗುಹಾಕುವ ಮುಂಚೆ ನೀರು ಹೊಯ್ದು, ಎಣ್ಣೆ ಹಚ್ಚಿ,
ಕೂಸಿಗೆ ಇಡುವ ಹಾಗೆ ಬಿಷಪ್ಪರು ಇಟ್ಟದ್ದು.
ಬಾಯಿ ಕೆಳಗೆ ಮಾಡಿ ನೇತುಹಾಕಿದ ಪಾತ್ರೆ ಅವಳು,
ಏನನ್ನೂ ತುಂಬಿಟ್ಟುಕೊಳ್ಳಲಾರಳು,
ಬಂದದ್ದೆಲ್ಲ ಊರ ಮೇಲೆ ಸುರಿದುಬಿಡುತ್ತಾಳೆ.
ಊರಿಗಾದರೋ ಕಿವಿ ತುಂಬ ಕೆಲಸ:
ರೈಲ್ವೆ ವರ್ಕ್‌ಶಾಪಿನ ಸೈರನ್ನು, ಮಂಡಿ ಮೊಹಲ್ಲಾದ ಬಾಂಗು,
ಡಾಂಬರಿನ ಮೇಲೆ ಟಾಂಗಾ ಕುದುರೆಯ ಲಾಳ,
ಇವುಗಳ ಸಂದಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ
ಮೂರು, ಮೂರು, ಮೂರು,
ಆಮೇಲೆ ಎಡೆಬಿಡದೆ ಒಂಬತ್ತು.
ಮೂರು ವರ್ಷದಲ್ಲಿ ನನ್ನ ತರಗತಿಯ ಒಬ್ಬರೂ
ಅದಕ್ಕೆ ಕತ್ತೆತ್ತಿದ್ದು ನೋಡಿಲ್ಲ.

ಪವಿತ್ರ ಗುರುವಾರ ರಾತ್ರಿ ಮಹಿಮೆಯ ಹಾಡು ಮುಗಿಯುತ್ತಲೇ
ಹಗ್ಗ ಸುತ್ತಿ ಮೊಳೆಗೆ ಕಟ್ಟುತ್ತಾರೆ.
ಗಂಟೆಗಳೆಲ್ಲ ರೋಮಿಗೆ ಹೋದವೆಂದು
ಅವನ ಅಜ್ಜಿಗೆ ಯಾರೋ ಫ್ರೆಂಚ್ ಪಾದ್ರಿ ಹೇಳಿದ್ದರಂತೆ.
"ಎಲ್ಲೂ ಹೋಗಿಲ್ಲ, ಅಲ್ಲೇ ಅವ್ಳೆ.
ನಾಲಿಗೆ ಬುಡಕ್ಕೆ ಒಂದಿಷ್ಟು ಹರಳೆಣ್ಣೆ ಬುಟ್ಟು ಬಂದೆ."

ಆ ಶನಿವಾರ ಪರೀಕ್ಷೆ. ವಿಶ್ವವಿದ್ಯಾಲಯಕ್ಕೆ ಪಂಚಾಂಗವೂ ಇಲ್ಲ,
ಸಮಾಧಿಯ ಲೆಕ್ಕವೂ ಇಲ್ಲ.
ನಾನು ಮೇಲ್ವಿಚಾರಕಿ. ಫ್ಯಾನಿನ ಕಿರಿಗುಟ್ಟು, ಕಾಗದದ ಸರಬರ.
ಇದ್ದಕ್ಕಿದ್ದಂತೆ ಒಂದು ಪೆನ್ನು ನಿಂತಿತು.
ಪಕ್ಕದ್ದು ನಿಂತಿತು. ಆಮೇಲೆ ಕಿಟಕಿಯ ಸಾಲು ಪೂರ್ತಿ.
ತಸ್ಮಿಯಾ, ಪುಟ್ಟಮಾದ, ಫೇಲಾಗಿ ಮತ್ತೆ ಕೂತ ರೇವಣ್ಣ,
ನಲವತ್ತು ತಲೆಗಳು ಎತ್ತಿಕೊಂಡವು,
ಯಾರೋ ಹೆಸರು ಹಿಡಿದು ಕೂಗದೆ ಹೋದ ಹಾಗೆ.

ಕಿಟಕಿಯ ಕೆಳಗೆ, ಗೋಪುರದ ಮೊದಲ ಮೆಟ್ಟಿಲಲ್ಲಿ ಇನ್ನಾಸಪ್ಪ.
ತೊಡೆಯ ಮೇಲೆ ಮರದ ಗಿಲಕಿ.
ಅವನೂ ಮೇಲೇ ನೋಡುತ್ತಿದ್ದ.
ಅವನ ಅಂಗೈ ತಾನಾಗಿ ಮುಚ್ಚಿತು, ತೆರೆಯಿತು.

"ಮಿಸ್, ಹನ್ನೆರಡಾಯ್ತಾ?"
ತಸ್ಮಿಯಾ ಪಿಸುಗುಟ್ಟಿದಳು.
ಇನ್ನೂ ಇಲ್ಲ, ಅಂದೆ.
ಗೋಡೆಯ ಗಡಿಯಾರದಲ್ಲಿ
ಹನ್ನೆರಡು ದಾಟಿ ಎರಡು ನಿಮಿಷವಾಗಿತ್ತು.