ಬೆವರದ ಅಂಗಿ

ಮೂವತ್ತೊಂದು ವರ್ಷದಿಂದ ನಾನು
ಈ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರ ಬೆವರು ಒಗೆಯುತ್ತಿದ್ದೇನೆ.
ಜಿಮ್ಮಿನ ನೆಲಮಾಳಿಗೆ, ಎರಡು ಯಂತ್ರ, ಒಂದು ಕುರ್ಚಿ.
ಕಿಟಕಿಯಿಲ್ಲ. ಹೊರಗೆ ಓಹಾಯೋದ ಹಿಮ ಬಿತ್ತೋ ನಿಂತಿತೋ
ಹುಡುಗರ ಬೂಟು ನೋಡಿ ತಿಳಿಯಬೇಕು.

ಯಾರ ಅಂಗಿಯೆಂದು ಕಣ್ಣು ಮುಚ್ಚಿ ಹೇಳಬಲ್ಲೆ:
ಕೋಡಿ ವಾಂಡರ್‌ಹೈಡೆಯದು ಈರುಳ್ಳಿ,
ಲಿಥುವೇನಿಯಾದ ಉದ್ದ ಹುಡುಗನದು ತುಕ್ಕು ಕಬ್ಬಿಣ,
ಟ್ರೆವಾಂಟನದು ಆಸ್ಪತ್ರೆಯ ಸೋಪು.

ಟ್ರೆವಾಂಟನಿಗೆ, ಹದಿನಾಲ್ಕನೇ ನಂಬರಿಗೆ,
ಈ ವರ್ಷ ಎರಡು ಅಂಗಿ, ಎರಡು ಜಾತಕ.
ಅಭ್ಯಾಸದ್ದು ಹಿಂಡಿದರೆ ಉಪ್ಪು.
ಪಂದ್ಯದ್ದು ಮಡಿಕೆ ಮುರಿಯದೆ ಗೂಟಕ್ಕೆ ಜೋತಿದೆ.
ಅಭ್ಯಾಸ ಮಾಡಬಹುದು, ಆಡಕೂಡದು:
ಬೇರೆ ಕಾಲೇಜಿನಿಂದ ಬಂದವನು ವರ್ಷ ಕೂರಬೇಕು.
ಅಡುಗೆ ಮಾಡು, ಪಂಕ್ತಿಗೆ ಕೂರಬೇಡ ಅಂದ ಹಾಗೆ.
ಆದರೂ ಪ್ರತಿ ಭಾನುವಾರ ಉಳಿದವುಗಳ ಜೊತೆ
ಅದನ್ನೂ ಯಂತ್ರಕ್ಕೆ ಹಾಕುತ್ತೇನೆ.
ಒಂಟಿಯಾಗಿ ಬಿಡಲು ಮನಸ್ಸು ಬರುವುದಿಲ್ಲ.

ಅವನು ಬಂದದ್ದು ಅಜ್ಜಿಗಾಗಿ.
ಡೇಟನ್ನಿನ ಒಡೆಸ್ಸಾ ಮಕ್ಲೆಂಡನ್.
ವಾರಕ್ಕೆ ಮೂರು ಸಲ ಯಂತ್ರವೊಂದು
ಅವಳ ರಕ್ತ ತೊಳೆದು ಮರಳಿಸುತ್ತದೆ.
"ನಿಮ್ಮದೇ ಕಸುಬು" ಅಂದಿದ್ದಳು ನನಗೊಮ್ಮೆ, ನಗುತ್ತ.
ವಿನಾಯಿತಿ ಕೇಳಿದ, ವೈದ್ಯರ ಚೀಟಿ ಲಗತ್ತಿಸಿದ.
ನಾಲ್ಕು ಸಾಲಿನ ಉತ್ತರ:
ಮನೆಗೂ ಕಾಲೇಜಿಗೂ ನೂರೇಳು ಮೈಲಿ,
ನೂರರೊಳಗಿದ್ದರೆ ಪರಿಶೀಲಿಸಬಹುದಿತ್ತು.

ಏಳು ಮೈಲಿ!
ಮರುದಿನವೇ ನನ್ನ ಹಳೇ ಟ್ರಕ್ಕಿನಲ್ಲಿ ಅಳೆಯಲು ಹೋದೆ:
ಒಂದು ಪೆಟ್ರೋಲ್ ಬಂಕು, ಎರಡು ಚರ್ಚು,
ಸೋಯಾ ಹೊಲ, ಬಾಗಿಲು ಹಾಕಿದ ಟೈರು ಕಾರ್ಖಾನೆ,
ಮತ್ತೆ ಸೋಯಾ ಹೊಲ.
ಅಜ್ಜಿಯ ಕಾಯಿಲೆ ಎಲ್ಲಿಗೆ ಮುಗಿಯಿತು,
ನಿಯಮ ಎಲ್ಲಿಂದ ಶುರುವಾಯಿತು
ಒಂದು ಗಡಿಗಲ್ಲೂ ನೆಟ್ಟಿರಲಿಲ್ಲ.

ಅವನನ್ನು ಮೊದಲ ಕಾಲೇಜಿಗೆ ಸೆಳೆದ ಕೋಚ್, ಸ್ಟ್ರಿಕ್ಲರ್,
ಅದೇ ಅಜ್ಜಿಯ ಸೋಫಾದಲ್ಲಿ ಕೂತು, ಪೀಚ್ ಪೈ ಎರಡನೇ ಸಲ ಹಾಕಿಸಿಕೊಂಡು
"ನಾಲ್ಕು ವರ್ಷ ಇವ ನನ್ನ ಮಗ" ಅಂದಿದ್ದ.
ಎಂಟು ತಿಂಗಳಿಗೆ ದೊಡ್ಡ ಕಾಲೇಜು ಕರೆಯಿತು.
ಸೋಮವಾರ ಹೋದ. ಗುರುವಾರ ಟೀವಿಯಲ್ಲಿ
ಹೊಸ ಬಣ್ಣದ ಟೈ ಕಟ್ಟಿ ಕೂಗಾಡುತ್ತಿದ್ದ.
ಅವನನ್ನು ಯಾರೂ ಒಂದು ದಿನವೂ ಕೂರಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನಗೂ ಸುಲಭ.
ಆದರೆ ಕೋಡಿ ಇದ್ದಾನಲ್ಲ,
ಹೈನುಗಾರರ ಮಗ, ವಿದ್ಯಾರ್ಥಿವೇತನವಿಲ್ಲದೆ ಬಂದವನು,
ಮೂರು ವರ್ಷ ಬೆಂಚು ಕಾಯಿಸಿ
ಈಗ ಮೊದಲ ಐವರಲ್ಲಿ ಒಬ್ಬ.
ಟ್ರೆವಾಂಟ್ ಕೂತದ್ದಕ್ಕೇ ಇವನು ನಿಂತದ್ದು.
ನಮ್ಮ ಕೋಚ್ ಬೇರೆ ಹೇಳುತ್ತಾರೆ:
ಬೇಲಿ ತೆಗೆದರೆ ನಾವು ಬೆಳೆಸುವುದು, ದೊಡ್ಡವರು ಕುಯ್ಯುವುದು;
ಮಾರ್ಚಿನಲ್ಲಿ ಮೆರೆದವನು ಏಪ್ರಿಲ್ಲಿಗೆ ಇರುವುದಿಲ್ಲ.
ಅದೂ ಸುಳ್ಳಲ್ಲ.
ಯಾರ ಪಾಲು ಯಾರ ತಟ್ಟೆಯಲ್ಲಿದೆಯೋ,
ನನಗೆ ಗೊತ್ತಿರುವುದು ಬಣ್ಣದ ಬಟ್ಟೆಗೆ ತಣ್ಣೀರು ಎಂಬುದಷ್ಟೇ.

ಶನಿವಾರ ಪಂದ್ಯ. ಶನಿವಾರವೇ ಅಜ್ಜಿಯ ಸರದಿ.
ತಂಡ ಬಸ್ಸು ಹತ್ತುವಾಗ ಅವನು ಕಾರು ಹತ್ತುತ್ತಾನೆ.
"ಕೂರಿಸಿದ್ದೂ ಒಳ್ಳೆಯದೇ ಆಯಿತೇನೋ" ಅಂದುಬಿಟ್ಟೆ.
ನನ್ನನ್ನೇ ನೋಡಿದ. "ಆರಿಸಿಕೊಳ್ಳುವುದು ನನ್ನ ಕೈಲಿರಬೇಕಿತ್ತು" ಅಂದ,
ಟವೆಲು ಬುಟ್ಟಿಗೆ ಎಸೆದ. ಗುರಿ ತಪ್ಪಲಿಲ್ಲ.

ನಿನ್ನೆ ಬೆಳಗಿನ ಜಾವ ಬಂದು ನೋಡಿದರೆ
ಗೂಟ ಖಾಲಿ.
ಬುಟ್ಟಿಯ ತಳದಲ್ಲಿತ್ತು ಹದಿನಾಲ್ಕು, ತೊಯ್ದು ತೊಪ್ಪೆ,
ಕೋಡಿಯ ಇಪ್ಪತ್ತೆರಡರ ಜೊತೆ ತೆಕ್ಕೆ ಬಿದ್ದು.
ಮೇಲೆ ಅಂಗಳದಲ್ಲಿ ಒಂದೇ ದೀಪ ಉರಿಯುತ್ತಿತ್ತು,
ಒಂದೇ ಕಂಬದ ಕೆಳಗೆ ನೆಲ ಒದ್ದೆ.

ಹದಿನಾಲ್ಕನ್ನು ಮೂಗಿಗೆ ಹಿಡಿದೆ. ಈರುಳ್ಳಿ.
ಇಪ್ಪತ್ತೆರಡನ್ನು ಹಿಡಿದೆ.
ಆಸ್ಪತ್ರೆಯ ಸೋಪು.

ಯಾರು ಗೆದ್ದರೋ ಕೇಳಲಿಲ್ಲ.
ಕುರ್ಚಿಯಲ್ಲಿ ಕೂತೆ. ತುಂಬ ಹೊತ್ತು
ಯಂತ್ರ ಶುರು ಮಾಡಲಿಲ್ಲ.